ಮಿಸ್ ಮೇರಿ ಲಯನ್‌ರವರ ಜೀವನಚರಿತ್ರೆ

ಪಾಠಶಾಲೆಯ ವರ್ಧಂತಿಯ ದಿನದಲ್ಲಿ ಹಳೆಯ ವಿದ್ಯಾರ್ಥಿನಿಯರು ಒಂದುಗೂಡಿದಾಗ, ತಮಗೆ ಪಾಠ ಹೇಳಿದ ಉಪಾಧ್ಯಾಯಿನಿಯರನ್ನೂ ತಾವು ಕುಳಿತು ಕಲಿತ ಕೊಠಡಿಗಳನ್ನೂ ಸ್ಮರಿಸುವುದು ಸಹಜವಾದುದು. ಆದರೆ ಆ ಕೊಠಡಿಗಳನ್ನು ಕಟ್ಟಿಸಿದ ಹಣವು ಎಲ್ಲಿಂದ ಬಂದಿತು, ನಾವು ಸಲ್ಲಿಸಿದ ಅಲ್ಪ ಫೀಜಿನಿಂದ ಅಷ್ಟು ದೊಡ್ಡ ಸಂಸಾರವು ಹೇಗೆ ನಡೆಯಿತು, ಒಬ್ಬ ಉಪಾಧ್ಯಾಯಿನಿಯು ಕಾಲವಾದ ಮೇಲೆಯೂ ಶಾಲೆಯು ಮುಚ್ಚದೆ ಹೇಗೆ ಉಳಿಯಿತು ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ಅಪರೂಪ. ಸುಮಾರು ಎರಡು ಶತಮಾನಗಳ ಹಿಂದೆ ಈ ಪ್ರಶ್ನೆಗಳನ್ನೇ ತನ್ನ ಜೀವಮಾನದ ಚಿಂತೆಯನ್ನಾಗಿ ಮಾಡಿಕೊಂಡು, ಅವುಗಳಿಗೆ ತನ್ನ ಕೈಯ ಕೆಲಸದಿಂದಲೇ ಉತ್ತರವನ್ನು ಕೊಟ್ಟ ಸ್ತ್ರೀಯೊಬ್ಬರಿದ್ದರು. ಅವರೇ ಮಿಸ್ ಮೇರಿ ಲಯನ್. ಅವರ ಚರಿತ್ರೆಯನ್ನು ನಮ್ಮ ಸೋದರಿಯರ ಮತ್ತು ಪೋಷಕರ ಮುಂದೆ ಸಂಕ್ಷೇಪವಾಗಿ ಇಡುವುದೇ ಈ ಲೇಖನದ ಉದ್ದೇಶವು.

ಜನನ ಮತ್ತು ಬಾಲ್ಯ

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮ್ಯಾಸಚೂಸೆಟ್ಸ್ ಎಂಬುದೊಂದು. ಅದರ ಪೂರ್ವದ ಅಂಚಿನಲ್ಲಿ ಸಮುದ್ರವೂ ಬಾಸ್ಟನ್ ಪಟ್ಟಣವೂ ಇವೆ. ಪಶ್ಚಿಮದ ಕಡೆ ಗುಡ್ಡಗಳು, ಕಾಡು, ಕಲ್ಲುಭೂಮಿ. ಆ ಕಾಲದಲ್ಲಿ ಆ ಸಂಸ್ಥಾನದ ಜನರಲ್ಲಿ ಬಹುಭಾಗವು ಹಳ್ಳಿಗಳಲ್ಲಿದ್ದು ಬೇಸಾಯದಿಂದಲೇ ಜೀವಿಸುತ್ತಿತ್ತು. ಇಂಥ ಪಶ್ಚಿಮದ ಗುಡ್ಡಗಾಡಿನ ಬಕ್‌ಲಂಡ್ ಎಂಬ ಊರಿನಲ್ಲಿ, ಒಬ್ಬ ಸಾಧಾರಣ ರೈತನ ಮಗಳಾಗಿ, 1797ನೆಯ ಇಸವಿ ಫೆಬ್ರವರಿ 28ರಂದು ಮೇರಿಯು ಜನಿಸಿದಳು. ಹುಡುಗಿಗೆ ಆರು ವರ್ಷ ತುಂಬುವುದಕ್ಕೆ ಮೊದಲೇ, 1802ರಲ್ಲಿ, ತಂದೆಯು ತೀರಿಹೋದನು. ಅನೇಕ ಮಕ್ಕಳ ತಾಯಿಯಾದ ವಿಧವೆಯು ಧೈರ್ಯಗೆಡದೆ ಹೊಲದ ಕೆಲಸವನ್ನೂ ಮನೆಯ ಕೆಲಸವನ್ನೂ ಮಕ್ಕಳೊಡನೆ ಹಂಚಿಕೊಂಡು ಸಂಸಾರವನ್ನು ನಡೆಯಿಸಿದಳು. ಆ ಮನೆಯಲ್ಲಿ ನೂಲುವುದು, ನೇಯುವುದು, ಬಣ್ಣ ಹಾಕುವುದು, ರೊಟ್ಟಿ ಸುಡುವುದು, ಸೋಪು ಮಾಡುವುದು ಎಲ್ಲವೂ ಮನೆಯವರ ಕೈಯಿಂದಲೇ ಆಗಬೇಕಾಗಿತ್ತು. ಮೇರಿಯು ಈ ಎಲ್ಲಾ ಕೆಲಸಗಳನ್ನು ಬಾಲ್ಯದಲ್ಲಿಯೇ ಕಲಿತಳು.

1810ರಲ್ಲಿ ತಾಯಿಯು ಪುನರ್ವಿವಾಹವಾಗಿ ಬೇರೊಂದು ಊರಿಗೆ ಹೋದಳು. ಹದಿಮೂರು ವರ್ಷದ ಮೇರಿಯು ಹಳೆಯ ಮನೆಯಲ್ಲಿಯೇ ಅಣ್ಣನಾದ ಏರನ್‌ನ ಬಳಿ ನಿಂತು, ಅವನಿಗೆ ಅಡಿಗೆ ಮಾಡಿ, ಮನೆ ನೋಡಿಕೊಂಡಳು. ಇದಕ್ಕಾಗಿ ಅಣ್ಣನು ಆಕೆಗೆ ವಾರಕ್ಕೆ ಒಂದು ಡಾಲರನ್ನು ಕೊಡುತ್ತಿದ್ದನು. ಆ ಡಾಲರುಗಳನ್ನು ಆಕೆಯು ಬಟ್ಟೆಬರೆಗಳಿಗೆ ವೆಚ್ಚಮಾಡದೆ ವಿದ್ಯೆಗಾಗಿ ಕೂಡಿಸಿಟ್ಟಳು. ಅನಂತರ ಆ ಅಣ್ಣನೂ 1819ರಲ್ಲಿ ಸಂಸಾರಸಮೇತನಾಗಿ ನ್ಯೂಯಾರ್ಕ್ ಸಂಸ್ಥಾನಕ್ಕೆ ವಲಸೆ ಹೋದನು. ಅಂದಿನಿಂದ ಆಕೆಗೆ ಸ್ವಂತವೆಂಬ ಮನೆಯಿಲ್ಲದೆ ಹೋಯಿತು.

ಹಳ್ಳಿಯ ಡಿಸ್ಟ್ರಿಕ್ಟ್ ಶಾಲೆ

ಮೇರಿಯು ಮೊದಲು ಕಲಿತದ್ದೂ ಮೊದಲು ಕಲಿಸಿದ್ದೂ ಡಿಸ್ಟ್ರಿಕ್ಟ್ ಶಾಲೆಯಲ್ಲಿ. ಇಲ್ಲಿ ಡಿಸ್ಟ್ರಿಕ್ಟ್ ಎಂದರೆ ನಮ್ಮ ಜಿಲ್ಲೆಯಂತೆ ದೊಡ್ಡ ಸೀಮೆಯೆಂದು ತಿಳಿಯಬಾರದು. ಮ್ಯಾಸಚೂಸೆಟ್ಸಿನಲ್ಲಿ 1647ರಷ್ಟು ಹಿಂದೆಯೇ, ಐವತ್ತು ಮನೆಗಳಿರುವ ಪ್ರತಿಯೊಂದು ಊರೂ ಓದುಬರಹ ಕಲಿಸುವ ಒಬ್ಬ ಉಪಾಧ್ಯಾಯನನ್ನು ಇಟ್ಟುಕೊಳ್ಳತಕ್ಕದ್ದೆಂದು ಶಾಸನವಾಗಿತ್ತು. ಆದರೆ ಅಲ್ಲಿಯ ಊರುಗಳಲ್ಲಿ ಮನೆಗಳು ಹೊಲಗಳ ನಡುವೆ ಚೆದರಿಕೊಂಡಿದ್ದುದರಿಂದ ಒಂದೇ ಶಾಲೆಯು ಎಲ್ಲರಿಗೂ ಎಟುಕಲಿಲ್ಲ. ಆದಕಾರಣ 1789ರ ಕಾಯಿದೆಯು ಊರನ್ನು ಚಿಕ್ಕ ಚಿಕ್ಕ ಭಾಗಗಳಾಗಿ ವಿಂಗಡಿಸಿಕೊಳ್ಳಲು ಅನುಮತಿ ಕೊಟ್ಟಿತು. ಇಂಥ ಒಂದೊಂದು ಭಾಗಕ್ಕೆ ಡಿಸ್ಟ್ರಿಕ್ಟ್ ಎಂದು ಹೆಸರು. 1800ರಲ್ಲಿ ಈ ಭಾಗಗಳಿಗೆ ತಮ್ಮ ಶಾಲೆಗಾಗಿ ತಾವೇ ತೆರಿಗೆ ಹಾಕಿಕೊಳ್ಳುವ ಅಧಿಕಾರವೂ ದೊರೆಯಿತು.

ಈ ಏರ್ಪಾಟಿನಲ್ಲಿ ಒಂದು ಒಳ್ಳೆಯದಿತ್ತು: ಸರಕಾರದ ಕಡೆಯಿಂದ ಯಾರೂ ಬರುವುದಕ್ಕೆ ಕಾಯದೆ ಹಳ್ಳಿಯ ಜನರು ತಾವೇ ಕೂಡಿ ಶಾಲೆಯನ್ನು ನಡೆಯಿಸುತ್ತಿದ್ದರು. ಒಂದು ದೊಡ್ಡ ಕೆಡಕೂ ಇತ್ತು: ಅನುಕೂಲಸ್ಥರಿರುವ ಭಾಗದ ಶಾಲೆಯು ಹೆಚ್ಚು ತಿಂಗಳು ನಡೆಯುತ್ತಿತ್ತು, ಬಡವರಿರುವ ಭಾಗದ ಶಾಲೆಯು ಕೆಲವೇ ವಾರಗಳಲ್ಲಿ ಬಾಗಿಲು ಹಾಕುತ್ತಿತ್ತು. ಶಾಲೆಯೆಂದರೆ ಒಂದೇ ಕೊಠಡಿ. ಅದರಲ್ಲಿ ಅಕ್ಷರ ಕಲಿಯುವ ಮಗುವೂ ಮೀಸೆ ಬರುವ ಹುಡುಗನೂ ಜೊತೆಯಾಗಿ ಕೂರುವರು. ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲದ ದೊಡ್ಡ ಹುಡುಗರು ಬರುವುದರಿಂದ ಗಂಡಸನ್ನು ಉಪಾಧ್ಯಾಯನನ್ನಾಗಿ ಇಡುವರು. ಬೇಸಿಗೆಯಲ್ಲಿ ಚಿಕ್ಕ ಮಕ್ಕಳಿಗಾಗಿ ಕಡಿಮೆ ಸಂಬಳಕ್ಕೆ ಒಬ್ಬ ಹೆಂಗಸನ್ನು ಇಡುವರು. ಉಪಾಧ್ಯಾಯರಿಗೆ ಊಟ ವಸತಿಗಳು ಮಕ್ಕಳ ಮನೆಗಳಲ್ಲಿ ಸರದಿಯಂತೆ ನಡೆಯುತ್ತಿದ್ದವು. ಒಂದು ವಾರ ಒಬ್ಬರ ಮನೆ, ಮುಂದಿನ ವಾರ ಮತ್ತೊಬ್ಬರ ಮನೆ.

ಮೇರಿಯು ಮನೆಯಿಂದ ದೂರದಲ್ಲಿದ್ದ ಶಾಲೆಗಳಿಗೆ ಹೋಗುವುದಕ್ಕಾಗಿ ಬಂಧುಗಳ ಮತ್ತು ಪರಿಚಿತರ ಮನೆಗಳಲ್ಲಿ ನಿಂತು, ಉಂಡ ಅನ್ನಕ್ಕೆ ಪ್ರತಿಯಾಗಿ ಮನೆಗೆಲಸ ಮಾಡಿಕೊಟ್ಟು ಓದಿದಳು. 1814ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಸಮೀಪದ ಷೆಲ್‌ಬರ್ನ್ ಫಾಲ್ಸ್ ಎಂಬಲ್ಲಿ ಬೇಸಿಗೆಯ ಶಾಲೆಯ ಉಪಾಧ್ಯಾಯಿನಿಯಾದಳು. ಸಂಬಳವು ವಾರಕ್ಕೆ ಮುಕ್ಕಾಲು ಡಾಲರ್, ಮತ್ತು ಸರದಿಯ ಊಟ. ಅಣ್ಣನ ಮನೆಯಲ್ಲಿ ಅಡಿಗೆ ಮಾಡಿ ಪಡೆದದ್ದಕ್ಕಿಂತ ಪಾಠ ಹೇಳಿ ಪಡೆದದ್ದು ಕಡಿಮೆಯಾಗಿತ್ತು! ಮೊದಲಲ್ಲಿ ಆಕೆಗೆ ಮಕ್ಕಳನ್ನು ಅಂಕೆಯಲ್ಲಿಡಲು ಬಾರದೆ, ತಾನು ಈ ಕೆಲಸಕ್ಕೆ ತಕ್ಕವಳಲ್ಲವೇನೋ ಎಂದು ಮನಸ್ಸು ಕುಗ್ಗಿತು. ಆದರೂ ಬಿಡಲಿಲ್ಲ. ಹೊಸದಾಗಿ ಪಾಠ ಹೇಳಲು ಹೊರಟು ಮೊದಲ ವಾರದಲ್ಲಿಯೇ ಕಣ್ಣೀರಿಟ್ಟ ನಮ್ಮ ಸೋದರಿಯರು ಇದನ್ನು ನೆನಪಿನಲ್ಲಿಡಬಹುದು.

ಖಾಸಗಿ ಶಾಲೆಗಳಲ್ಲಿ ವಿದ್ಯಾರ್ಜನೆ

ಡಿಸ್ಟ್ರಿಕ್ಟ್ ಶಾಲೆಯಲ್ಲಿ ಓದು, ಬರಹ, ಲೆಕ್ಕ, ಸ್ವಲ್ಪ ವ್ಯಾಕರಣ, ಭೂಗೋಳ ಇಷ್ಟೇ ದೊರೆಯುತ್ತಿದ್ದವು. ಅದಕ್ಕೆ ಮೇಲಿನ ವಿದ್ಯೆ ಬೇಕಾದವರು ಅಕಾಡೆಮಿ ಎಂಬ ಖಾಸಗಿ ಶಾಲೆಗಳಿಗೆ ಫೀಜು ಕೊಟ್ಟು ಹೋಗಬೇಕಾಗಿತ್ತು. ಗಂಡುಹುಡುಗರಿಗಾದರೋ ಅದಕ್ಕೂ ಮೇಲೆ ಕಾಲೇಜುಗಳಿದ್ದವು. 1636ರಲ್ಲಿ ಸ್ಥಾಪಿತವಾದ ಹಾರ್ವರ್ಡ್ ಮೊದಲಾದ ಆ ಕಾಲೇಜುಗಳೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ.

1817ರಲ್ಲಿ ಮೇರಿಯು ತಾನು ಕೂಡಿಸಿಟ್ಟ ಹಣವನ್ನು ಹಿಡಿದುಕೊಂಡು ಆಷ್‌ಫೀಲ್ಡ್ ಎಂಬ ಊರಿನ ಸ್ಯಾಂಡರ್ಸನ್ ಅಕಾಡೆಮಿಯನ್ನು ಸೇರಿದಳು. ಹಣವು ಸಾಲದೆ ಬಂದಾಗ ತಾನೇ ನೂತು ನೇಯ್ದ ಹೊದಿಕೆಗಳನ್ನು ಊಟ ವಸತಿಗಳ ಬಾಬ್ತಿಗೆ ಕೊಟ್ಟಳು. ಲತೀನು ವ್ಯಾಕರಣದ ಪುಸ್ತಕವನ್ನು ಮೂರೇ ದಿನಗಳಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದಳೆಂದು ಆ ಊರಿನವರು ಬಹುಕಾಲ ಹೇಳಿಕೊಳ್ಳುತ್ತಿದ್ದರಂತೆ. ಅಲ್ಲಿಯ ಗಣ್ಯರಾದ ವೈಟ್ ಎಂಬವರು ಆಕೆಯನ್ನು ಮನೆಯ ಮಗಳಂತೆ ನೋಡಿಕೊಂಡರು. ಅವರ ಮಗಳಾದ ಅಮಾಂಡಾ ಆಕೆಗೆ ಆಪ್ತ ಗೆಳತಿಯಾದಳು.

1821ರಲ್ಲಿ ಈ ಗೆಳತಿಯರಿಬ್ಬರೂ ಸಂಸ್ಥಾನದ ಪೂರ್ವಭಾಗದಲ್ಲಿದ್ದ ಬೈಫೀಲ್ಡ್ ಎಂಬಲ್ಲಿಗೆ, ಜೋಸೆಫ್ ಎಮರ್ಸನ್ ಎಂಬ ಬೋಧಕರು ನಡೆಯಿಸುತ್ತಿದ್ದ ಹೆಣ್ಣುಮಕ್ಕಳ ಪಾಠಶಾಲೆಗೆ ಹೋದರು. ಎಮರ್ಸನ್‌ರವರು ಹೆಂಗಸರ ಬುದ್ಧಿಯನ್ನು ಗಂಡಸರ ಬುದ್ಧಿಗೆ ಸಮನಾಗಿ ಭಾವಿಸಿ, ಬಾಯಿಪಾಠಕ್ಕಿಂತ ವಿಚಾರಶಕ್ತಿಗೆ ಹೆಚ್ಚು ಬೆಲೆ ಕೊಡುತ್ತಿದ್ದರು. ಅಲ್ಲಿ ಸಹಾಯಕ ಉಪಾಧ್ಯಾಯಿನಿಯಾಗಿದ್ದ ಮಿಸ್ ಜಿಲ್ಪಾ ಗ್ರಾಂಟ್ ಎಂಬವರ ಸ್ನೇಹವೂ ದೊರೆಯಿತು. ಆದರೆ ಎಮರ್ಸನ್‌ರವರು ಬೈಫೀಲ್ಡನ್ನು ಬಿಟ್ಟು ಹೋದೊಡನೆಯೇ ಅಂಥ ಉತ್ತಮವಾದ ಶಾಲೆಯು ಅಲ್ಲಿ ಇಲ್ಲವಾಯಿತು. ಖಾಸಗಿ ಶಾಲೆಯ ಪ್ರಾಣವು ಒಬ್ಬ ಗುರುವಿನ ದೇಹಕ್ಕೆ ಕಟ್ಟಲ್ಪಟ್ಟಿರುವುದೆಂಬ ಮೊದಲನೆಯ ಪಾಠವನ್ನು ಮೇರಿಯು ಇಲ್ಲಿ ಕಂಡಳು.

ಉಪಾಧ್ಯಾಯಿನಿಯ ಅನುಭವಗಳು

ಇನ್ನು ಮುಂದೆ ಮೇರಿಯನ್ನು ನಾವು ಮಿಸ್ ಲಯನ್ ಎಂದೇ ಕರೆಯುವುದು ಉಚಿತ. ಏಕೆಂದರೆ ಮುಂದಿನ ಹದಿಮೂರು ವರ್ಷಗಳಲ್ಲಿ ಅವರು ಸುತ್ತಣ ಪ್ರಾಂತ್ಯದಲ್ಲೆಲ್ಲಾ ಹೆಸರುವಾಸಿಯಾದ ಉಪಾಧ್ಯಾಯಿನಿಯಾದರು. 1824ರಿಂದ ಬೇಸಿಗೆಯ ಕಾಲದಲ್ಲಿ, ನೆರೆಯ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ ಮಿಸ್ ಗ್ರಾಂಟರವರು ಮುಖ್ಯೋಪಾಧ್ಯಾಯಿನಿಯಾಗಿದ್ದ ಆಡಮ್ಸ್ ಅಕಾಡೆಮಿಯಲ್ಲಿ ಪಾಠ ಹೇಳಿದರು. ಚಳಿಗಾಲದಲ್ಲಿ ಅದಕ್ಕೆ ರಜವಿದ್ದುದರಿಂದ ತಮ್ಮ ಹುಟ್ಟೂರಿಗೆ ಬಂದು, ಬಕ್‌ಲಂಡ್‌ನಲ್ಲಿಯೂ ಆಷ್‌ಫೀಲ್ಡ್‌ನಲ್ಲಿಯೂ ಅಲ್ಪ ಫೀಜಿನ ಒಂದು ಶಾಲೆಯನ್ನು ನಡೆಯಿಸಿದರು. ಬೇಸಿಗೆಯಲ್ಲಿ ಡಿಸ್ಟ್ರಿಕ್ಟ್ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ರೈತರ ಹೆಣ್ಣುಮಕ್ಕಳೇ ಚಳಿಗಾಲದಲ್ಲಿ ಇಲ್ಲಿ ಬಂದು ಕಲಿಯುತ್ತಿದ್ದರು. ಸುತ್ತಣ ಊರುಗಳ ಶಾಲಾ ಸಮಿತಿಯವರು ಉಪಾಧ್ಯಾಯಿನಿ ಬೇಕಾದಾಗ ಮಿಸ್ ಲಯನ್‌ರವರ ಶಾಲೆಯನ್ನೇ ಹುಡುಕಿಕೊಂಡು ಬರುವಂತಾಯಿತು. ಸಾರ್ವಜನಿಕ ಶಾಲೆ ಬೇರೆ, ಖಾಸಗಿ ಶಾಲೆ ಬೇರೆಯೆಂದು ಹೊರಗಿನಿಂದ ತೋರಿದರೂ, ಮೇಲಿನ ಶಾಲೆಯಲ್ಲಿ ಕಲಿತ ಹುಡುಗಿಯೇ ಕೆಳಗಿನ ಶಾಲೆಗೆ ಗುರುವಾಗಿ ಹೋಗುವುದರಿಂದ ಒಂದರ ಬೆಳಕು ಮತ್ತೊಂದಕ್ಕೆ ತಗಲುವುದೆಂಬ ಎರಡನೆಯ ಪಾಠವು ಇಲ್ಲಿ ದೊರೆಯಿತು.

ಆಡಮ್ಸ್ ಅಕಾಡೆಮಿಗೆ ಒಬ್ಬ ದಾನಿಯು ಮರಣಶಾಸನದಿಂದ ಬಿಟ್ಟುಹೋದ ನಿಧಿಯಿತ್ತು. ಆದರೆ 1828ರಲ್ಲಿ ಅದರ ಆಡಳಿತಗಾರರಿಗೂ ಮಿಸ್ ಗ್ರಾಂಟರವರಿಗೂ ಶಾಲೆಯ ಧ್ಯೇಯದ ವಿಷಯದಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಬೈಬಲ್ ಬೋಧನೆಗೆ ಅಷ್ಟು ಸ್ಥಳ ಬೇಡವೆಂದೂ ನೃತ್ಯ ಸಂಗೀತಗಳಿಗೆ ಹೆಚ್ಚು ಸ್ಥಳ ಬೇಕೆಂದೂ ಆಡಳಿತಗಾರರು ಬಯಸಿದರು. ಮಿಸ್ ಗ್ರಾಂಟರವರು ಅದನ್ನು ಬಿಟ್ಟು ಮ್ಯಾಸಚೂಸೆಟ್ಸಿನ ಕಡಲತೀರದ ಇಪ್ಸ್‌ವಿಚ್ ಎಂಬಲ್ಲಿ ಹೊಸದಾಗಿ ಶಾಲೆಯನ್ನು ತೆರೆದರು. ಮಿಸ್ ಲಯನ್‌ರವರೂ ಅವರ ಜೊತೆಯಾದರು. ಹಣವಿದ್ದರೆ ಸಾಲದು, ಆ ಹಣವನ್ನು ಕಾಯುವವರೂ ಪಾಠ ಹೇಳುವವರೂ ಒಂದೇ ಮನಸ್ಸಿನವರಾಗಿರಬೇಕೆಂಬುದು ಮೂರನೆಯ ಪಾಠವಾಯಿತು.

ಇಪ್ಸ್‌ವಿಚ್ಚಿನ ಶಾಲೆಯು ಬಹಳ ಪ್ರಸಿದ್ಧಿಗೆ ಬಂದಿತು. ಆದರೆ ಕಟ್ಟಡವು ಪರರದು, ನಿಧಿಯೆಂಬುದಿಲ್ಲ, ಮಿಸ್ ಗ್ರಾಂಟರವರ ಆರೋಗ್ಯವೋ ಪದೇ ಪದೇ ಕೆಡುತ್ತಿತ್ತು. ಶಾಲೆಯನ್ನು ಶಾಶ್ವತವಾಗಿ ನಿಲ್ಲಿಸುವುದಕ್ಕಾಗಿ ಇಬ್ಬರೂ ಕೂಡಿ ದೊಡ್ಡ ಮನುಷ್ಯರ ಸಹಾಯವನ್ನು ಕೇಳಿದರು. ಬಹಳ ಮಂದಿ ಮೆಚ್ಚಿದರು; ಹಣ ಕೊಟ್ಟವರು ಇಲ್ಲ. ಪ್ರಯತ್ನವು ಮುರಿದುಬಿದ್ದಿತು. ಇದಲ್ಲದೆ ಅಲ್ಲಿಯ ವೆಚ್ಚವನ್ನು ಕೊಡಬಲ್ಲವರು ಅನುಕೂಲಸ್ಥರ ಮಕ್ಕಳೇ ಆಗಿದ್ದರು. ತಾನು ಹುಟ್ಟಿದಂಥ ಮನೆಗಳ ಹೆಣ್ಣುಮಕ್ಕಳು ಹೊರಗೆ ನಿಂತಿರುವುದನ್ನು ಕಂಡು ಮಿಸ್ ಲಯನ್‌ರವರ ಮನಸ್ಸು ಸುಮ್ಮನಿರಲಿಲ್ಲ.

ಯಾರ ಹಣದಿಂದ?

ಹಾಗಾದರೆ ಸರಕಾರದ ಹಣದಿಂದಲೇ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಗಳು ಆಗಬಾರದಾಗಿತ್ತೇ ಎಂದು ಓದುವವರು ಕೇಳಬಹುದು. 1827ರಲ್ಲಿ ಮ್ಯಾಸಚೂಸೆಟ್ಸ್ ಸರಕಾರವು ಐನೂರು ಮನೆಗಳಿರುವ ಊರುಗಳು ಹೈಸ್ಕೂಲನ್ನು ಇಡತಕ್ಕದ್ದೆಂದು ವಿಧಿಸಿತು. ಗುಡ್ಡಗಾಡಿನ ಸಣ್ಣ ಊರುಗಳಿಗೆ ಈ ವಿಧಿಯು ತಟ್ಟಲೇ ಇಲ್ಲ. ಬಾಸ್ಟನ್ ಪಟ್ಟಣದಲ್ಲಾದರೋ 1826ರಲ್ಲಿ ಹೆಣ್ಣುಮಕ್ಕಳ ಹೈಸ್ಕೂಲೊಂದನ್ನು ಪಟ್ಟಣದ ಖರ್ಚಿನಿಂದಲೇ ತೆರೆದರು. ಸೇರಲು ಬಂದ ಹುಡುಗಿಯರ ಸಂಖ್ಯೆಯನ್ನು ಕಂಡು ಅಧಿಕಾರಿಗಳು ಖರ್ಚಿಗೆ ಹೆದರಿ ಎರಡೇ ವರ್ಷಗಳಲ್ಲಿ ಅದನ್ನು ಮುಚ್ಚಿಬಿಟ್ಟರು. ಶಾಲೆಯು ಸೋತದ್ದರಿಂದಲ್ಲ, ಗೆದ್ದದ್ದರಿಂದ ಮುಚ್ಚಿತು ಎಂಬುದು ವಿಚಿತ್ರವಾದರೂ ನಿಜ.

ಹೀಗೆ ಒಂದು ಕಡೆ ಸಾರ್ವಜನಿಕ ಬೊಕ್ಕಸವು ಕೈಯನ್ನು ಹಿಂದೆಗೆದುಕೊಂಡಿತು. ಮತ್ತೊಂದು ಕಡೆ ಖಾಸಗಿ ಶಾಲೆಗಳು ಬಡವರಿಗೆ ಎಟುಕದೆ, ಒಬ್ಬ ಗುರುವಿನ ಆಯುಸ್ಸಿನೊಡನೆ ಮುಗಿಯುತ್ತಿದ್ದವು. ಇವೆರಡರ ನಡುವೆ ಮೂರನೆಯ ದಾರಿಯೊಂದು ಇರುವುದೆಂದು ಮಿಸ್ ಲಯನ್‌ರವರು ಕಂಡುಕೊಂಡರು. ಹತ್ತಿರದ ಆಮ್ಹರ್ಸ್ಟ್ ಎಂಬ ಊರಿನಲ್ಲಿ ಬಡ ಹುಡುಗರನ್ನು ಬೋಧಕರನ್ನಾಗಿ ತಯಾರಿಸುವುದಕ್ಕಾಗಿ 1821ರಲ್ಲಿ ಒಂದು ಕಾಲೇಜು ಹುಟ್ಟಿತ್ತು. ಅದು ದೊಡ್ಡ ಧನಿಕನೊಬ್ಬನಿಂದ ಹುಟ್ಟಿದುದಲ್ಲ, ಹಳ್ಳಿಯ ಜನರ ಚಂದಾಗಳಿಂದ ಹುಟ್ಟಿದುದು. ಗಂಡುಮಕ್ಕಳಿಗಾಗಿ ಜನರು ಕೊಡುವುದಾದರೆ ಹೆಣ್ಣುಮಕ್ಕಳಿಗಾಗಿ ಏಕೆ ಕೊಡಬಾರದು? ಶಾಲೆಯು ಯಾವ ಒಬ್ಬರ ಸೊತ್ತೂ ಆಗಿರದೆ, ಸರಕಾರದ ಸನ್ನದನ್ನು ಪಡೆದ ಧರ್ಮದರ್ಶಿಗಳ ವಶದಲ್ಲಿರಬೇಕು. ಅದರಿಂದ ಯಾರಿಗೂ ಲಾಭವಿರಬಾರದು. ಫೀಜು ಬಹಳ ಕಡಿಮೆಯಾಗಿರಬೇಕು. ವಿದ್ಯೆಯು ಮಾತ್ರ ಬಹಳ ಮೇಲಾದುದಾಗಿರಬೇಕು. ಇದೇ ಅವರ ಸಂಕಲ್ಪ.

ಹಸುರು ಮಖಮಲ್ಲಿನ ಚೀಲ

1834ರಲ್ಲಿ ಮಿಸ್ ಲಯನ್‌ರವರು ಇಪ್ಸ್‌ವಿಚ್ಚಿನ ಕೆಲಸವನ್ನು ಬಿಟ್ಟು ಚಂದಾ ಎತ್ತುವುದಕ್ಕೆ ಹೊರಟರು. ಧನಿಕರ ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಬಂದ ಅನುಭವವು ಅವರಿಗಿತ್ತು; ಆದುದರಿಂದ ಈ ಸಾರಿ ಮೊದಲು ಹೆಂಗಸರನ್ನೇ ಕೇಳಿದರು. ಇಪ್ಸ್‌ವಿಚ್ಚಿನ ವಿದ್ಯಾರ್ಥಿನಿಯರು, ಉಪಾಧ್ಯಾಯಿನಿಯರು, ಊರಿನ ಗೃಹಿಣಿಯರು ಕೂಡಿ ಕೆಲವೇ ವಾರಗಳಲ್ಲಿ ಸುಮಾರು 1,000 ಡಾಲರುಗಳನ್ನು ಕೊಟ್ಟರು. ಅನಂತರ ಅವರು ಹಸುರು ಮಖಮಲ್ಲಿನ ಒಂದು ಕೈಚೀಲವನ್ನು ಹಿಡಿದುಕೊಂಡು, ಕುದುರೆಬಂಡಿಗಳಲ್ಲಿ ಕುಳಿತು, ಮಂಜು ಬೀಳುವ ಚಳಿಯಲ್ಲಿಯೂ ಊರಿಂದೂರಿಗೆ ತಿರುಗಿದರು. ಮದುವೆಯಾಗದ ಹೆಂಗಸೊಬ್ಬಳು ಹೀಗೆ ಒಬ್ಬಳೇ ತಿರುಗಿ ಅಪರಿಚಿತರಲ್ಲಿ ಹಣ ಬೇಡುವುದು ಮರ್ಯಾದೆಗೆ ತಕ್ಕುದಲ್ಲವೆಂದು ಸ್ನೇಹಿತರೇ ಆಕ್ಷೇಪಿಸಿದರು. ತಾನು ಮಾಡುವುದು ತಪ್ಪಲ್ಲವೆಂದು ತಿಳಿದಿದ್ದ ಅವರು ಸಂಚಾರವನ್ನು ನಿಲ್ಲಿಸಲಿಲ್ಲ. ಇದೇ ಕಾಲದಲ್ಲಿ ನಾರ್ಟನ್ ಎಂಬಲ್ಲಿಯ ವೀಟನ್ ಮನೆತನದವರು ತಮ್ಮ ಕಾಲವಾದ ಮಗಳ ನೆನಪಿಗಾಗಿ ಸ್ಥಾಪಿಸಿದ ಹೆಣ್ಣುಮಕ್ಕಳ ಶಾಲೆಗೂ ಪಾಠಕ್ರಮವನ್ನು ಗೊತ್ತುಮಾಡಿಕೊಟ್ಟರು.

ಜ್ಞಾನಿಗಳಾದ ಎಡ್ವರ್ಡ್ ಹಿಚ್‌ಕಾಕ್‌ರವರು ಮಿಸ್ ಲಯನ್‌ರವರಿಗೆ ವಿಜ್ಞಾನ ಕಲಿಸಿದವರು. ಅವರು ಈ ಶಾಲೆಗೆ, ಸ್ತ್ರೀಯನ್ನು ಸರ್ವಾಂಗಪರಿಪೂರ್ಣಳನ್ನಾಗಿ ಮಾಡುವುದೆಂಬ ಅರ್ಥದ ಉದ್ದವಾದ ಗ್ರೀಕ್ ಹೆಸರೊಂದನ್ನು ಸೂಚಿಸಿದರು. ಪತ್ರಿಕೆಗಳವರು ಅದನ್ನು ಹಿಡಿದು ಪರಿಹಾಸ್ಯ ಮಾಡಿದುದರಿಂದ ಅದನ್ನು ಬಿಟ್ಟು, ಸಮೀಪದ ಬೆಟ್ಟದ ಹೆಸರಿನಿಂದ ಮೌಂಟ್ ಹೋಲ್ಯೋಕ್ ಹೆಣ್ಣುಮಕ್ಕಳ ಸೆಮಿನರಿ ಎಂದು ಕರೆದರು. ಶಾಲೆಯು ತಮ್ಮಲ್ಲಿಗೇ ಬರಬೇಕೆಂದು ಹಲವು ಊರುಗಳವರು ಪೈಪೋಟಿ ಮಾಡಿದರು. 8,000 ಡಾಲರುಗಳನ್ನು ಕೊಡಲು ಒಪ್ಪಿದ ಸೌತ್ ಹ್ಯಾಡ್ಲಿ ಎಂಬ ಹಳ್ಳಿಗೆ ಅದು ದೊರೆಯಿತು. 1836ನೆಯ ಇಸವಿ ಫೆಬ್ರವರಿಯಲ್ಲಿ ಸರಕಾರದ ಸನ್ನದು ಬಂದಿತು. ಅದೇ ವರ್ಷದ ಅಕ್ಟೋಬರ್ 3ರಂದು ಅಸ್ತಿವಾರದ ಕಲ್ಲನ್ನು ಇಟ್ಟರು.

ಒಟ್ಟಿನಲ್ಲಿ ಸುಮಾರು 27,000 ಡಾಲರುಗಳು ಕೂಡಿದವು. ಈ ಮೊತ್ತವನ್ನು ಕೊಟ್ಟವರು ಸುಮಾರು ತೊಂಬತ್ತು ಊರುಗಳ 1,800 ಮಂದಿ. ಕೆಲವರು ನೂರಾರು ಡಾಲರುಗಳನ್ನು ಕೊಟ್ಟರೆ, ಆರು ಸೆಂಟುಗಳನ್ನು ಕೊಟ್ಟ ಬಡವರೂ ಪಟ್ಟಿಯಲ್ಲಿದ್ದರು. ಆ ಆರು ಸೆಂಟುಗಳನ್ನೂ ಮಿಸ್ ಲಯನ್‌ರವರು ಅಷ್ಟೇ ಗೌರವದಿಂದ ಸ್ವೀಕರಿಸಿದರು. ಒಬ್ಬ ಧನಿಕನ ದಾನದಿಂದ ಕಟ್ಟಡವೇಳಬಹುದು; ಸಾವಿರಾರು ಮಂದಿ ಸಾಧಾರಣ ಜನರು ಕೊಟ್ಟಾಗಲಾದರೋ ಶಾಲೆಯು ಅವರೆಲ್ಲರ ಮನೆಯ ಮಾತಾಗುವುದು, ಅವರ ಹೆಣ್ಣುಮಕ್ಕಳಿಗೆ ದಾರಿಯೂ ಆಗುವುದು. ಈ ರಹಸ್ಯವನ್ನು ಅವರು ಚೆನ್ನಾಗಿ ಅರಿತಿದ್ದರು.

ಶಾಲೆಯ ಪ್ರಾರಂಭ ಮತ್ತು ಅದರ ಪದ್ಧತಿ

1837ರಲ್ಲಿ ದೇಶದಲ್ಲೆಲ್ಲಾ ವ್ಯಾಪಾರವು ಕುಸಿದು ಬ್ಯಾಂಕುಗಳು ಹಣ ಕೊಡುವುದನ್ನು ನಿಲ್ಲಿಸಿದವು. ಅಂಥ ವರ್ಷದ ನವೆಂಬರ್ 8ರಂದು ಶಾಲೆಯು ತೆರೆಯಲ್ಪಟ್ಟಿತು. ಸುಮಾರು ಎಂಭತ್ತು ವಿದ್ಯಾರ್ಥಿನಿಯರು ಪೆಟ್ಟಿಗೆಗಳೊಡನೆ ಬಂದಿಳಿದಾಗ ಕಟ್ಟಡದ ಕೆಲಸವು ಪೂರ್ತಿಯಾಗಿರಲಿಲ್ಲ. ಸಾಮಾನುಗಳೂ ಎಲ್ಲಾ ಬಂದಿರಲಿಲ್ಲ. ಧರ್ಮದರ್ಶಿಗಳೇ ತೋಳು ಮಡಿಸಿಕೊಂಡು ಚಾಪೆ ಹಾಸಿ ಮೊಳೆ ಹೊಡೆದರು. ಅವರ ಮನೆಯ ಹೆಂಗಸರು ಅಡಿಗೆಯ ಮನೆಯಲ್ಲಿ ನಿಂತರು. ಬಂದ ಹುಡುಗಿಯರೂ ಕೈಹಚ್ಚಿದರು.

ಊಟ, ವಸತಿ, ಪಾಠ ಎಲ್ಲಕ್ಕೂ ಸೇರಿ ವರ್ಷಕ್ಕೆ 60 ಡಾಲರುಗಳನ್ನು ಮಾತ್ರ ಗೊತ್ತುಮಾಡಿದರು. ಇಷ್ಟು ಕಡಿಮೆಯಾಗುವುದಕ್ಕೆ ಎರಡು ಕಾರಣಗಳು. ಮೊದಲನೆಯದು, ಕೂಲಿಯ ಆಳುಗಳನ್ನಿಡದೆ ವಿದ್ಯಾರ್ಥಿನಿಯರೇ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಅಡಿಗೆ, ಒಗೆತ, ಗುಡಿಸುವ ಕೆಲಸಗಳನ್ನು ಹಂಚಿಕೊಂಡು ಮಾಡುತ್ತಿದ್ದುದು. ಇದು ಮನೆಗೆಲಸವನ್ನು ಕಲಿಸುವ ಉಪಾಯವಲ್ಲ; ಅದನ್ನು ಕಲಿಸತಕ್ಕವರು ತಾಯಂದಿರೆಂದು ಮಿಸ್ ಲಯನ್‌ರವರು ಸ್ಪಷ್ಟವಾಗಿ ಎಣಿಸಿದ್ದರು. ವೆಚ್ಚವನ್ನು ತಗ್ಗಿಸಿ, ಬಡವರ ಮಗಳೂ ಧನಿಕರ ಮಗಳೂ ಒಂದೇ ಹಿಟ್ಟನ್ನು ನಾದುವಂತೆ ಮಾಡುವುದೇ ಅದರ ಉದ್ದೇಶ. ಎರಡನೆಯದು, ಉಪಾಧ್ಯಾಯಿನಿಯರು ಸ್ವಲ್ಪ ಸಂಬಳಕ್ಕೆ ಒಪ್ಪಿಕೊಂಡುದು. ಮಿಸ್ ಲಯನ್‌ರವರು ತಾವು ವರ್ಷಕ್ಕೆ 200 ಡಾಲರುಗಳಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ಇದರಿಂದ ಹೆಂಗಸರ ದುಡಿಮೆಗೆ ಬೆಲೆ ಕಡಿಮೆಯೆಂಬ ಲೋಕದ ತಪ್ಪು ಎಣಿಕೆಗೆ ಒತ್ತಾಸೆಯಾಯಿತೆಂದು ಅನಂತರದವರು ಹೇಳಿರುವುದು ಅಲ್ಲಗಳೆಯತಕ್ಕದ್ದಲ್ಲ. ಆದರೆ ತಾನು ಮೊದಲು ಹೊರದ ಹೊರೆಯನ್ನು ಅವರು ಇತರರ ಮೇಲೆ ಹೊರಿಸಲಿಲ್ಲ.

ಫೀಜು ಕಡಿಮೆಯಾದರೂ ವಿದ್ಯೆಯು ಕಡಿಮೆಯಾಗಿರಲಿಲ್ಲ. ಸೇರುವುದಕ್ಕೆ ಮೊದಲು ಪರೀಕ್ಷೆಯಿತ್ತು. ಮೂರು ವರ್ಷಗಳ ಪಾಠಕ್ರಮದಲ್ಲಿ ಗಣಿತ, ತತ್ತ್ವಶಾಸ್ತ್ರ, ಇತಿಹಾಸ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಇವೆಲ್ಲಾ ಇದ್ದವು. ರಸಾಯನಶಾಸ್ತ್ರವನ್ನು ಮಿಸ್ ಲಯನ್‌ರವರು ಏಮಸ್ ಈಟನ್ ಎಂಬ ಪ್ರಸಿದ್ಧ ವಿಜ್ಞಾನಿಯಿಂದ ಕಲಿತು, ಪ್ರಯೋಗಗಳ ಮೂಲಕವೇ ಕಲಿಸುತ್ತಿದ್ದರು. ಸತ್ಯವೇದದ ಪಾಠವು ಎಲ್ಲಕ್ಕೂ ತಳಹದಿಯಾಗಿತ್ತು. ಎರಡನೆಯ ವರ್ಷದಲ್ಲಿಯೇ ಸ್ಥಳವಿಲ್ಲದ ಕಾರಣ ನೂರಾರು ಅರ್ಜಿಗಳನ್ನು ಹಿಂದಿರುಗಿಸಬೇಕಾಯಿತು. ಮುಂದೆ ಲೋಕಪ್ರಸಿದ್ಧಳಾದ ಕವಯಿತ್ರಿ ಎಮಿಲಿ ಡಿಕಿನ್ಸನ್ 1847ರಲ್ಲಿ ಇಲ್ಲಿಯ ವಿದ್ಯಾರ್ಥಿನಿಯಾಗಿದ್ದಳು.

ಸರಕಾರದ ಶಾಲೆಗಳಿಗೆ ದೊರೆತ ಫಲ

ಶಾಲೆಯು ತೆರೆದ ಆ 1837ರಲ್ಲಿಯೇ ಮ್ಯಾಸಚೂಸೆಟ್ಸ್ ಸರಕಾರವು ವಿದ್ಯಾಮಂಡಲಿಯೊಂದನ್ನು ಏರ್ಪಡಿಸಿ, ಹೊರೇಸ್ ಮ್ಯಾನ್ ಎಂಬ ಮಹನೀಯರನ್ನು ಅದರ ಕಾರ್ಯದರ್ಶಿಯನ್ನಾಗಿ ನೇಮಿಸಿತು. ಅವರು ಡಿಸ್ಟ್ರಿಕ್ಟ್ ಶಾಲೆಗಳ ದುಃಸ್ಥಿತಿಯನ್ನು ಊರೂರು ಸುತ್ತಿ ನೋಡಿ ಜನರ ಕಣ್ಣು ತೆರೆಸಿದರು. 1839ರಲ್ಲಿ ಲೆಕ್ಸಿಂಗ್‌ಟನ್‌ನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಸರಕಾರದ ಮೊದಲನೆಯ ನಾರ್ಮಲ್ ಶಾಲೆಯು ಪ್ರಾರಂಭವಾಯಿತು. ಮಿಸ್ ಲಯನ್‌ರವರ ಶಾಲೆಯು ಖಾಸಗಿ ಧರ್ಮಸಂಸ್ಥೆ, ಮ್ಯಾನ್‌ರವರ ಕಾರ್ಯವು ಸರಕಾರದ್ದು. ಆದರೆ ಇವೆರಡೂ ಕೊನೆಗೆ ಸೇರುತ್ತಿದ್ದುದು ಗುಡ್ಡದ ಮೇಲಿನ ಆ ಒಂದೇ ಕೊಠಡಿಯ ಶಾಲೆಯಲ್ಲಿಯೇ. ಮೌಂಟ್ ಹೋಲ್ಯೋಕಿನಲ್ಲಿ ಕಲಿತವರಲ್ಲಿ ಬಹುಮಂದಿ ಹಳ್ಳಿಯ ಸಾರ್ವಜನಿಕ ಶಾಲೆಗಳಿಗೆ ಉಪಾಧ್ಯಾಯಿನಿಯರಾಗಿ ಹೋದರು. ಜನರು ಕೊಟ್ಟ ಆರು ಸೆಂಟುಗಳು ಹೀಗೆ ಅವರ ಮಕ್ಕಳಿಗೇ ಹಿಂದಿರುಗಿದವು. ಶಾಲೆಗಳ ಆಡಳಿತವನ್ನು ಚಿಕ್ಕ ಡಿಸ್ಟ್ರಿಕ್ಟುಗಳಿಗೆ ಬಿಡುವ ಪದ್ಧತಿಯನ್ನು ಮ್ಯಾಸಚೂಸೆಟ್ಸ್ 1882ರಲ್ಲಿ ಪೂರ್ತಿಯಾಗಿ ತೆಗೆದುಹಾಕಿ, ಇಡೀ ಊರನ್ನೇ ಹೊಣೆಮಾಡಿತು.

ದೂರದೇಶಗಳ ಕರೆ

ಹೋಲ್ಯೋಕಿನ ಉಪಾಧ್ಯಾಯಿನಿಯರಲ್ಲಿ ಫಿಡೀಲಿಯ ಫಿಸ್ಕ್ ಎಂಬಾಕೆಯು ಮಿಸ್ ಲಯನ್‌ರವರಿಗೆ ಬಹಳ ಬೇಕಾದವಳು. ಮಿಸ್ ಲಯನ್‌ರವರು ಮೊದಲು ಪಾಠ ಹೇಳಿದ ಷೆಲ್‌ಬರ್ನ್ ಊರಿನವಳೇ ಆಕೆ. 1843ರಲ್ಲಿ ಪಾರಸೀಕ ದೇಶದ ಉರ್ಮಿಯಾ ಎಂಬಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಲು ಒಬ್ಬರು ಬೇಕೆಂದು ಕರೆ ಬಂದಿತು. ಫಿಡೀಲಿಯ ಹೋಗಲು ಸಿದ್ಧಳಾದಳು. ಆದರೆ ವಿಧವೆಯಾದ ತಾಯಿಯು ಒಪ್ಪಬೇಕಾಗಿತ್ತು. ಆಕೆಯನ್ನು ಕಳೆದುಕೊಂಡರೆ ಶಾಲೆಗೆ ದೊಡ್ಡ ನಷ್ಟವೆಂದು ತಿಳಿದಿದ್ದರೂ ಮಿಸ್ ಲಯನ್‌ರವರು ತಾವೇ ಆಕೆಯನ್ನು ಕರೆದುಕೊಂಡು, ಹಿಮದ ಮೇಲೆ ಜಾರುವ ಬಂಡಿಯಲ್ಲಿ ಸುಮಾರು ಮೂವತ್ತು ಮೈಲಿ ದಾರಿ ನಡೆದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಮನೆಯ ಬಾಗಿಲು ತಟ್ಟಿದರು. ತಾಯಿಯು ಪ್ರಾರ್ಥಿಸಿ, ಮಗಳನ್ನು ಒಪ್ಪಿಸಿದಳು. ಫಿಡೀಲಿಯ ಉರ್ಮಿಯಾದಲ್ಲಿ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯನ್ನು ಹೋಲ್ಯೋಕಿನ ಮಾದರಿಯಲ್ಲಿಯೇ ಕಟ್ಟಿದಳು. ಹೀಗೆಯೇ ಇಂಡಿಯಾ, ಸಿಲೋನ್, ತುರ್ಕಿ, ಹವಾಯಿ ದ್ವೀಪಗಳು ಮೊದಲಾದ ಕಡೆಗಳಿಗೂ ಆ ಶಾಲೆಯಿಂದ ಉಪಾಧ್ಯಾಯಿನಿಯರು ಹೋದರು. ಆಫ್ರಿಕಾದ ದಕ್ಷಿಣದಲ್ಲಿ ವೆಲಿಂಗ್‌ಟನ್ ಎಂಬಲ್ಲಿ 1874ರಲ್ಲಿ ಆಂಡ್ರೂ ಮರ್ರೇ ಎಂಬ ಬೋಧಕರು ಮಿಸ್ ಲಯನ್‌ರವರ ಚರಿತ್ರೆಯನ್ನು ಓದಿ ಪ್ರೇರಿತರಾಗಿ, ಹೋಲ್ಯೋಕಿನಿಂದಲೇ ಇಬ್ಬರು ಉಪಾಧ್ಯಾಯಿನಿಯರನ್ನು ಕರೆಯಿಸಿಕೊಂಡು ಹೆಣ್ಣುಮಕ್ಕಳ ಪಾಠಶಾಲೆಯನ್ನು ಸ್ಥಾಪಿಸಿದರು. ನಮಗೆ ಹತ್ತಿರದ ಮದ್ರಾಸಿನಲ್ಲಿ, ಅಂದರೆ ಈಗಿನ ಚೆನ್ನೈಯಲ್ಲಿ, 1915ರಲ್ಲಿ ಪ್ರಾರಂಭವಾದ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿಗೂ ಮೌಂಟ್ ಹೋಲ್ಯೋಕು ಸೋದರಿ ಕಾಲೇಜಾಗಿ ನೆರವಾಯಿತು.

ಅಂತ್ಯಕಾಲ

ಹನ್ನೆರಡು ವರ್ಷಗಳ ಕಾಲ ಮಿಸ್ ಲಯನ್‌ರವರು ಆ ಶಾಲೆಯ ಮುಖ್ಯಸ್ಥೆಯಾಗಿದ್ದರು. ದುಃಖಗಳೂ ಬಾರದೆ ಇರಲಿಲ್ಲ. 1840ರಲ್ಲಿ ವಿಷಮಶೀತಜ್ವರವು ಹಬ್ಬಿ ಹಲವರು ವಿದ್ಯಾರ್ಥಿನಿಯರು ಹಾಸಿಗೆ ಹಿಡಿದರು. ಕೆಲವರು ತೀರಿಯೂ ಹೋದರು. 1849ರ ಪ್ರಾರಂಭದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಸರ್ಪಿಯೆಂಬ ಅಂಟುರೋಗ ತಗಲಿತು. ಇತರರು ಹೆದರಿ ದೂರ ನಿಂತಾಗ ಮಿಸ್ ಲಯನ್‌ರವರು ಆಕೆಯ ಬಳಿಗೆ ಹೋಗಿ ಉಪಚರಿಸಿದರು. ಆ ಹುಡುಗಿಯು ಬದುಕಲಿಲ್ಲ. ಅದೇ ರೋಗವು ಇವರಿಗೂ ಅಂಟಿ, 1849ನೆಯ ಇಸವಿ ಮಾರ್ಚಿ 5ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು. ಅವರನ್ನು ಶಾಲೆಯ ಆವರಣದಲ್ಲಿಯೇ ಸಮಾಧಿ ಮಾಡಿದರು.

ಆಗಲೇ ಅವರ ಜೀವಮಾನದ ಕಾರ್ಯಕ್ಕೆ ನಿಜವಾದ ಪರೀಕ್ಷೆಯು ಬಂದಿತು. ಹಿಂದಿನ ಕಾಲದಲ್ಲಾಗಿದ್ದರೆ ಸ್ಥಾಪಕಳ ಹಿಂದೆಯೇ ಶಾಲೆಯೂ ಹೋಗುತ್ತಿತ್ತು. ಮಿಸ್ ಗ್ರಾಂಟರವರು 1839ರಲ್ಲಿ ಬಿಟ್ಟ ಮೇಲೆ ಇಪ್ಸ್‌ವಿಚ್ಚಿನ ಶಾಲೆಯು ಕಾಲಕ್ರಮದಲ್ಲಿ ಮುಚ್ಚಿಹೋಯಿತು. ಮೌಂಟ್ ಹೋಲ್ಯೋಕು ಮುಚ್ಚಲಿಲ್ಲ. 1893ರಲ್ಲಿ ಅದು ಪೂರ್ಣವಾದ ಕಾಲೇಜಾಯಿತು. 1896ರಲ್ಲಿ ಮೊದಲಿನ ಕಟ್ಟಡವು ಬೆಂಕಿಗೆ ಆಹುತಿಯಾದಾಗಲೂ ನಿಲ್ಲದೆ ಪುನಃ ಎದ್ದಿತು. ಇಂದಿಗೂ ಅದು ಸೌತ್ ಹ್ಯಾಡ್ಲಿಯಲ್ಲಿ ನಡೆಯುತ್ತಿದೆ. ಅಮೇರಿಕಾ ಸರಕಾರವು 1987ರಲ್ಲಿ ಮಿಸ್ ಲಯನ್‌ರವರ ಚಿತ್ರವುಳ್ಳ ಅಂಚೆಚೀಟಿಯೊಂದನ್ನು ಹೊರಡಿಸಿತು. ಅದು ಎರಡು ಸೆಂಟುಗಳ ಚೀಟಿ. ಆರು ಸೆಂಟುಗಳ ಕಾಣಿಕೆಯನ್ನು ತಲೆಬಾಗಿ ಸ್ವೀಕರಿಸಿದವರಿಗೆ ಅಂಥ ಚಿಕ್ಕ ಬೆಲೆಯ ಚೀಟಿಯೇ ಒಪ್ಪುವುದೆಂದು ನಮಗೆ ತೋರುತ್ತದೆ.

ಪ್ರಿಯ ಸೋದರಿಯರೇ, ಪೋಷಕರೇ, ಶಾಲೆಯು ಸರಕಾರದ್ದಾಗಲಿ, ಮಿಷನಿನದಾಗಲಿ, ಊರವರದಾಗಲಿ, ಅದು ಉಳಿಯುವುದು ಬಾಗಿಲಿನ ಮೇಲೆ ಬರೆದ ಹೆಸರಿನಿಂದಲ್ಲ. ಅದನ್ನು ತಮ್ಮದೆಂದು ತಿಳಿದು ಕೈಲಾದುದನ್ನು ಕೊಡುವವರು ಎಷ್ಟು ಮಂದಿ, ಅದರ ಬಾಗಿಲಿನ ಹೊರಗೆ ಫೀಜಿಲ್ಲದೆ ನಿಂತ ಹುಡುಗಿಯನ್ನು ಗಮನಿಸುವವರು ಎಷ್ಟು ಮಂದಿ ಎಂಬುದರಿಂದಲೇ ಅದು ಉಳಿಯುವುದು. ವಾರಕ್ಕೆ ಮುಕ್ಕಾಲು ಡಾಲರಿಗೆ ಪಾಠ ಹೇಳಿದ ಗುಡ್ಡಗಾಡಿನ ಹುಡುಗಿಯೊಬ್ಬಳು ಇದನ್ನು ತನ್ನ ಬಾಳಿನಿಂದ ತೋರಿಸಿಕೊಟ್ಟಳು. ನಮ್ಮ ಶಾಲೆಯ ಒಂದೊಂದು ಬೆಂಚಿನ ಹಿಂದೆಯೂ ಹೆಸರು ತಿಳಿಯದ ಯಾರೋ ಒಬ್ಬರ ಆರು ಸೆಂಟುಗಳಿವೆಯೆಂಬುದನ್ನು ಈ ದಿನ ನಾವು ಕೃತಜ್ಞತೆಯಿಂದ ನೆನೆಯೋಣ.